ವಾರ್ಡಿನ 27 ಮನೆ, ಒಂದು ಪುಟ್ಟ ಡಬ್ಬಿ: ಶ್ರೀಸಾಮಾನ್ಯರ ತರಬೇತಿ ಎಲ್ಲಿಂದ ಶುರು?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ತಿಂಗಳು ನಮ್ಮ ಫಾದರ್ ಕರೆದು, "ನಿಮ್ಮ ವಾರ್ಡಿನ ಕಿರು ಕ್ರೈಸ್ತ ಸಮುದಾಯ ಇನ್ನು ಮೇಲೆ ನೀವೇ ನೋಡ್ಕೋಬೇಕು. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ (ಚರ್ಚಿನ ಬಲಿಪೂಜೆಯಲ್ಲಿ ಕ್ರಿಸ್ತರ ದೇಹವೆಂದು ಕೊಡುವ ರೊಟ್ಟಿ) ಒಯ್ಯೋ ಸೇವೆಗೂ ನಿಮ್ಮ ಹೆಸರು ಕಳಿಸ್ತೀನಿ" ಅಂದರು. ವಾರ್ಡಿನಲ್ಲಿ ನಮ್ಮ ಚರ್ಚಿನ 27 ಮನೆಗಳಿವೆ. ನಾನು ಧರ್ಮೋಪದೇಶ ಕಲಿತದ್ದು ದೃಢೀಕರಣದವರೆಗೆ, ಅಂದರೆ ಒಂಬತ್ತನೇ ಕ್ಲಾಸಿನವರೆಗೆ. ಜಪಗಳು ಬಾಯಿಪಾಠ ಬರುತ್ತವೆ, ಅಷ್ಟೇ. ಪಕ್ಕದ ಮನೆ ಅಕ್ಕ "ನೀವು ಮರಿಯಮ್ಮನ ಪೂಜೆ ಯಾಕೆ ಮಾಡ್ತೀರಿ?" ಅಂತ ಕೇಳಿದರೂ ತಡವರಿಸುತ್ತೇನೆ. ಎರಡು ದಿನದ ತರಬೇತಿ ಇದೆಯಂತೆ. ಅದು ಸಾಕಾ? "ಇದೆಲ್ಲ ಫಾದರ್, ಸಿಸ್ಟರ್ ಮಾಡೋ ಕೆಲಸ ಅಲ್ವಾ?" ಅಂತ ನಮ್ಮ ಮನೆಯವರು ಕೇಳುತ್ತಾರೆ. ಇನ್ನೊಂದು ಮಾತು ಯಾರ ಹತ್ತಿರವೂ ಹೇಳಿಲ್ಲ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ, ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗೆ ಆಗುತ್ತದೆ. ಇಂಥವಳು ಇನ್ನೊಬ್ಬರ ಮನೆಗೆ ಪರಮಪ್ರಸಾದ ಹಿಡಿದು ಹೋಗಬಹುದಾ?

ಉತ್ತರ: ಕೊನೆಗೆ ಕೇಳಿದ್ದನ್ನೇ ಮೊದಲು ತೆಗೆದುಕೊಳ್ಳುತ್ತೇನೆ ತಾಯಿ. ಉಳಿದ ಮೂರಕ್ಕೂ ಬೇರು ಅಲ್ಲೇ ಇದೆ ಅನ್ನಿಸಿತು.

ಹೋಗಬಹುದು. ಬೈಬಲಿನ ಕೀರ್ತನೆಗಳಲ್ಲಿ 88ನೆಯದನ್ನು ಒಮ್ಮೆ ತೆಗೆದು ಓದಿ. ಬೇರೆ ಶೋಕಗೀತೆಗಳು ಹೆಚ್ಚಾಗಿ ಅಳುತ್ತ ಶುರುವಾಗಿ ಕೊನೆಯ ಹೊತ್ತಿಗೆ ಹೇಗೋ ದೇವರ ಸ್ತುತಿಗೆ ಬಂದು ನಿಲ್ಲುತ್ತವೆ. ಇದು ಬರುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚು, ಅದನ್ನು ಪಕ್ಕಕ್ಕಿಡಲಿಲ್ಲ. ಪ್ರತಿ ಶುಕ್ರವಾರ ಮಲಗುವ ಮುಂಚಿನ ಪ್ರಾರ್ಥನೆಗೆ ಅದನ್ನೇ ಇಟ್ಟಿದೆ. ಲೋಕದಲ್ಲಿರುವ ಗುರುಗಳು, ಕನ್ಯಾಸ್ತ್ರೀಯರು ವಾರಕ್ಕೊಮ್ಮೆ ನಿಮ್ಮ ಆ ಗೋಡೆಯ ಮುಂದೆ ಬಂದು ಕೂರುತ್ತಾರೆ ಅಂತಲೇ ಇಟ್ಟುಕೊಳ್ಳಿ. ನಿಮ್ಮ ವಿಶ್ವಾಸ ಸತ್ತಿಲ್ಲ. ಒಂಬತ್ತನೇ ಕ್ಲಾಸಿನ ಯೂನಿಫಾರ್ಮು ನಲವತ್ತನಾಲ್ಕರ ಮೈಗೆ ಹಿಡಿಯುತ್ತಿಲ್ಲ, ಹೊಲಿಗೆ ಬಿಡುತ್ತಿದೆ. ಅಮ್ಮನ ಸಾವಿನ ಭಾರಕ್ಕೆ ಮಕ್ಕಳ ಧರ್ಮೋಪದೇಶದ ಉತ್ತರಗಳು ಸಾಲುವುದಿಲ್ಲ. ಸಾಲಬೇಕಾಗಿಯೂ ಇಲ್ಲ. ಅದಕ್ಕೇ ದೊಡ್ಡವರಿಗೆ ಬೇರೆ ತರಬೇತಿ ಬೇಕು ಅನ್ನುವುದು.

ಇದನ್ನು ಫಾದರ್‌ಗೆ ಹೇಳಿಬಿಡಿ. ಮುಚ್ಚಿಟ್ಟುಕೊಂಡು ಸೇವೆಗೆ ನಿಂತವರು ಎರಡನೇ ವರ್ಷಕ್ಕೆ ಸುಸ್ತಾಗಿ ಬಿಟ್ಟುಹೋಗುವುದನ್ನು ನೋಡಿದ್ದೇನೆ.

ನಾನೂ ಶ್ರೀಸಾಮಾನ್ಯನೇ, ಗುರುಪಟ್ಟ ಪಡೆದವನಲ್ಲ. ಚಿತ್ರದುರ್ಗದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡು, ರಜೆ ಸಿಕ್ಕಾಗಲೆಲ್ಲ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ ಧರ್ಮಕೇಂದ್ರಗಳಲ್ಲಿ, ಅಂದರೆ ಊರೂರಿನ ಚರ್ಚುಗಳಲ್ಲಿ, ಇಂಥ ಶಿಬಿರ ನಡೆಸುತ್ತ ಬಂದವನು. ಹಾಗಾಗಿ ನನ್ನ ಸೋಲಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಒಂದು ಕಡೆ ಅರವತ್ತು ಜನರಿಗೆ ಒಂದು ದಿನದ ತರಬೇತಿ ಇಟ್ಟೆ. ಬೆಳಿಗ್ಗೆ ಬೈಬಲ್, ಊಟ ಆದಮೇಲೆ ದೈವಾರಾಧನೆ, ಸಂಜೆ ಸರ್ಟಿಫಿಕೇಟು, ಗ್ರೂಪ್ ಫೋಟೊ. ಮಧ್ಯಾಹ್ನದ ಬಿರಿಯಾನಿ ಬಹಳ ಚೆನ್ನಾಗಿತ್ತು ಅಂತ ಜನ ಈಗಲೂ ಹೇಳುತ್ತಾರೆ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಸೇವೆಯಲ್ಲಿ ಉಳಿದಿದ್ದವರು ಮೂವರು. ಆ ಮೂವರೂ ನನ್ನ ಶಿಬಿರಕ್ಕೆ ಮೊದಲಿಂದಲೇ ಮಾಡುತ್ತಿದ್ದವರು!

ಹಾಗಾದರೆ ನಿಮ್ಮ ಎರಡು ದಿನದ ತರಬೇತಿ ಸಾಕಾ? ಕೈಗೆ ಸಾಕು. ಪರಮಪ್ರಸಾದದ ಡಬ್ಬಿ ಹೇಗೆ ಹಿಡಿಯಬೇಕು, ಯಾವ ಪ್ರಾರ್ಥನೆ ಮೊದಲು ಹೇಳಬೇಕು ಅನ್ನುವುದಕ್ಕೆ ಎರಡು ದಿನ ಧಾರಾಳವಾಯಿತು. ಬಾಯಿಗೂ ಒಂದಿಷ್ಟು ಸಿಗುತ್ತದೆ. ಕಿವಿಗೆ ಮಾತ್ರ ಸಾಲುವುದಿಲ್ಲ. ನಮ್ಮ ತರಬೇತಿಗಳಲ್ಲಿ ವೇದಿಕೆ ಹತ್ತಿ ಓದುವುದನ್ನು, ಹಾಡಿಸುವುದನ್ನು, ಹಂಚುವುದನ್ನು ಕಲಿಸುತ್ತಾರೆ. ಒಬ್ಬರ ಎದುರು ಕೂತು ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳುವುದನ್ನು ಕಲಿಸುವವರು ಕಡಿಮೆ. 27 ಮನೆಗಳಿಗೆ ಮುಖ್ಯವಾಗಿ ಬೇಕಾದದ್ದು ಅದು.

ಇನ್ನು "ಇದು ಫಾದರ್ ಕೆಲಸ" ಅನ್ನುವ ಮಾತು. ನಿಮ್ಮ ಮನೆಯವರು ಅರ್ಧ ಸರಿ. ಪಾಪನಿವೇದನೆ ಕೇಳುವುದು, ರೋಗಿಗಳಿಗೆ ಪವಿತ್ರ ತೈಲ ಹಚ್ಚುವುದು, ಬಲಿಪೂಜೆ ಅರ್ಪಿಸುವುದು ಗುರುಗಳದ್ದೇ. ಬಲಿಪೂಜೆಯಲ್ಲಿ ಶುಭಸಂದೇಶ ಓದಿದ ಮೇಲಿನ ಪ್ರಬೋಧನೆಯೂ ಗುರುಗಳಿಗೆ ಅಥವಾ ಉಪಯಾಜಕರಿಗೇ ಸೇರಿದ್ದು. ಅದರಾಚೆಗಿನ ಲೋಕ ದೊಡ್ಡದು. 1962ರಿಂದ 1965ರವರೆಗೆ ಲೋಕದ ಬಿಷಪ್ಪರು ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ (ಕ್ರಿಸ್ತರು ಒಪ್ಪಿಸಿದ ಸೇವೆಯ) ಬಗ್ಗೆಯೇ 1965ರ ನವೆಂಬರ್‌ನಲ್ಲಿ ಪ್ರತ್ಯೇಕ ದಾಖಲೆ ಹೊರಡಿಸಿತು. ಅದರ ಕೊನೆಯ ಅಧ್ಯಾಯ ಪೂರ್ತಿ ತರಬೇತಿಯ ಮೇಲಿದೆ. ಸೇವೆಯ ಅಧಿಕಾರ ಫಾದರ್ ದೊಡ್ಡ ಮನಸ್ಸು ಮಾಡಿ ಕೊಡುವುದಲ್ಲ, ದೀಕ್ಷಾಸ್ನಾನ ಮತ್ತು ದೃಢೀಕರಣದಿಂದಲೇ ಬರುತ್ತದೆ ಅನ್ನುವುದು ಅದರ ತಿರುಳು.

ಆಮೇಲೆ ಬಾಗಿಲು ಒಂದೊಂದೇ ತೆರೆಯಿತು. ಬಲಿಪೂಜೆಯಲ್ಲಿ ಬೈಬಲ್ ಓದುವ ವಾಚಕರ ಮತ್ತು ಬಲಿಪೀಠದ ಬಳಿ ನೆರವಾಗುವ ಪೀಠಸೇವಕರ ಸೇವೆ ಗುರುಪಟ್ಟಕ್ಕೆ ಹೋಗುವವರ ಮೆಟ್ಟಿಲಷ್ಟೇ ಅಲ್ಲ, ಶ್ರೀಸಾಮಾನ್ಯರದ್ದೂ ಹೌದು ಅಂತ 1972ರಲ್ಲಿ ಪೋಪ್ ಆರನೇ ಪೌಲ್ ಸಾರಿದರು. ಮರುವರ್ಷವೇ ಪರಮಪ್ರಸಾದ ನೀಡುವ ಅಸಾಧಾರಣ ಸೇವಕರಿಗೆ ಅನುಮತಿ ಬಂತು. ಆದರೆ ವಾಚಕ, ಪೀಠಸೇವಕ ಪದವಿಗಳು ವಿಧಿಪೂರ್ವಕವಾಗಿ ಹೆಣ್ಣುಮಕ್ಕಳಿಗೆ ಸಿಗಲು 2021ರ ಜನವರಿವರೆಗೆ ಕಾಯಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸವನ್ನೂ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಸೈಕಲ್ ತುಳಿದುಕೊಂಡು ಹಳ್ಳಿ ಹಳ್ಳಿಗೆ ಹೋಗಿ ಜಪ ಕಲಿಸುತ್ತಿದ್ದ ನಮ್ಮ ಹಳೆಯ ಉಪದೇಶಿಗಳು ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದರೇನೋ. ಅಂದಹಾಗೆ "ಅಸಾಧಾರಣ" ಅಂದರೆ ಮಹಾನುಭಾವರು ಅಂತಲ್ಲ. ಸಾಧಾರಣವಾಗಿ ಗುರುಗಳು ಕೊಡಬೇಕಾದ್ದನ್ನು ಅವರಿಗೆ ಆಗದ ಕಡೆ ಕೊಡುವವರು ಅಂತ, ಅಷ್ಟೇ. ಕೆಲವರಿಗೆ ಈ ಪದ ತಲೆಗೆ ಏರುತ್ತದೆ.

ಹುರುಪು ಮುಂದೆ ಓಡಿ ತರಬೇತಿ ಹಿಂದೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೊರಿಯಾದ ಕಥೆ ನನಗೆ ಬಹಳ ಇಷ್ಟ. ಅಲ್ಲಿ ಧರ್ಮಸಭೆ ಶುರುವಾದದ್ದು ಮಿಷನರಿಗಳಿಂದಲ್ಲ. ಚೀನಾದಿಂದ ಬಂದ ಪುಸ್ತಕ ಓದಿದ ಕೆಲವು ವಿದ್ವಾಂಸರು ತಮ್ಮಲ್ಲಿ ಒಬ್ಬನನ್ನು ಬೀಜಿಂಗ್‌ಗೆ ಕಳಿಸಿದರು. 1784ರಲ್ಲಿ ಅವನು ಅಲ್ಲಿ ದೀಕ್ಷಾಸ್ನಾನ ಪಡೆದು ಬಂದು ಉಳಿದವರಿಗೆ ತಾನೇ ಕೊಟ್ಟ. ಅಲ್ಲಿಯವರೆಗೆ ಸರಿ. ಮುಂದೆ ಅವರೇ ತಮ್ಮೊಳಗೆ ಕೆಲವರನ್ನು ಗುರುಗಳು ಅಂತ ಆರಿಸಿ, ಪಾಪನಿವೇದನೆ ಕೇಳಿ, ಬಲಿಪೂಜೆಯನ್ನೂ ನಡೆಸಿದರು! ಪುಸ್ತಕವನ್ನು ಮತ್ತೊಮ್ಮೆ ಓದುವಾಗ ಒಬ್ಬನಿಗೆ ಅನುಮಾನ ಬಂತು. ಬೀಜಿಂಗ್‌ಗೆ ಬರೆದು ಕೇಳಿದರು. "ನಿಲ್ಲಿಸಿ" ಅಂತ ಉತ್ತರ ಬಂತು, ನಿಲ್ಲಿಸಿದರು. ಮೊದಲ ಗುರು ಗಡಿ ದಾಟಿ ಬಂದದ್ದು 1794ರ ಕೊನೆಗೆ. ಆ ಹೊತ್ತಿಗೆ ಸಾವಿರಾರು ವಿಶ್ವಾಸಿಗಳು ಕಾಯುತ್ತಿದ್ದರು. ತಪ್ಪು ಮಾಡಿದರು, ಆದರೆ ಮತ್ತೆ ಓದಿದರು, ಕೇಳಿದರು, ಹೇಳಿದಂತೆ ನಿಲ್ಲಿಸಿದರು. ತರಬೇತಿ ಅಂದರೆ ನನ್ನ ಕಣ್ಣಿಗೆ ಬರುವುದು ಪುಸ್ತಕವನ್ನು ಎರಡನೇ ಸಲ ತೆರೆದ ಆ ಮನುಷ್ಯ.

ನೀವು ಓದಲು ಶುರುಮಾಡುವುದು ಮಾರ್ಕನ ಶುಭಸಂದೇಶದಿಂದ. ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ವಾರಕ್ಕೆ ಒಂದರಂತೆ ನಾಲ್ಕು ತಿಂಗಳು, ಗಟ್ಟಿಯಾಗಿ ಓದಿ. ಗಟ್ಟಿಯಾಗಿ ಓದಿದಾಗ ಎಲ್ಲಿ ತಡೆಯುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಗುರುತುಗಳೇ ಫಾದರ್ ಹತ್ತಿರ ಕೇಳಬೇಕಾದ ಪ್ರಶ್ನೆಗಳು. ಆಮೇಲೆ 1992ರಲ್ಲಿ ಬಂದ ಧರ್ಮಸಭೆಯ ಸತ್ಯೋಪದೇಶ ಗ್ರಂಥ. 2865 ಪರಿಚ್ಛೇದ ಅಂತ ಹೆದರಬೇಡಿ, ಮೊದಲಿಂದ ಕೊನೆವರೆಗೆ ಯಾರೂ ಓದುವುದಿಲ್ಲ. ಅದರಲ್ಲಿ ನಾಲ್ಕು ಭಾಗ: ನಂಬುವುದು, ಆಚರಿಸುವುದು, ಬಾಳುವುದು, ಪ್ರಾರ್ಥಿಸುವುದು. ನಿಮಗೆ ಈಗ ಬೇಕಾದ್ದು ನಾಲ್ಕನೆಯದು. ಪ್ರಾರ್ಥನೆ ಒಣಗಿದಾಗ ಏನು ಅನ್ನುವುದಕ್ಕೂ ಅಲ್ಲಿ ಜಾಗ ಇದೆ. ಹಿಂದಿನಿಂದ ಓದಿದರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆಂಗಳೂರಿನಲ್ಲಿ 1967ರಿಂದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರ ಇದೆ. ಎನ್.ಬಿ.ಸಿ.ಎಲ್.ಸಿ. ಅಂದರೆ ಫಾದರ್‌ಗೆ ಗೊತ್ತಾಗುತ್ತದೆ. ಸ್ಥಾಪಕ ನಿರ್ದೇಶಕರಾಗಿದ್ದ ಡಿ.ಎಸ್. ಅಮಲೋರ್ಪವದಾಸ್ ಸ್ವಾಮಿಗಳು ಭಾರತದ ಧರ್ಮಸಭೆ ಈ ನೆಲದ ರೀತಿಯಲ್ಲಿ ಪ್ರಾರ್ಥಿಸಲು ಕಲಿಯಬೇಕು ಅಂತ ಬಹಳ ದುಡಿದವರು. ಅಲ್ಲಿಗೆ ಹೋಗುವ ಅವಕಾಶ ಬಂದರೆ ಬಿಡಬೇಡಿ. ಆದರೆ ಮೊದಲ ವರ್ಷ ಬೇಡ. 27 ಮನೆ ಸುತ್ತಿ, ಪ್ರಶ್ನೆಗಳನ್ನು ಕೂಡಿಸಿಕೊಂಡು ಹೋದವರಿಗೆ ಅಲ್ಲಿ ಸಿಗುವುದೇ ಬೇರೆ. ಖರ್ಚನ್ನು ಧರ್ಮಕೇಂದ್ರ ಕೊಡಲಿ. ಕೇಳಲು ನಾಚಿಕೆ ಬೇಡ. ವಿಶೇಷ ಸೇವೆಗೆ ನಿಲ್ಲುವ ಶ್ರೀಸಾಮಾನ್ಯರು ತಕ್ಕ ತರಬೇತಿ ಪಡೆಯಲೇಬೇಕು, ಅವರ ಸ್ಥಿತಿಗೆ ಒಪ್ಪುವ ಸಂಭಾವನೆಗೂ ಅವರಿಗೆ ಹಕ್ಕಿದೆ ಅಂತ ಧರ್ಮಸಭೆಯ ಕಾನೂನಿನ 231ನೇ ವಿಧಿಯಲ್ಲಿ ಬರೆದಿದೆ. ಮೊದಲರ್ಧವನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದರ ಸುದ್ದಿ ಬಂದಾಗ ಸಭೆ ಮುಗಿಯುವ ಹೊತ್ತಾಗಿರುತ್ತದೆ.

ವಾರ್ಡಿನ ಕೂಟದ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಆಫ್ರಿಕಾದ ಲುಂಕೊ ಸಂಸ್ಥೆಯಲ್ಲಿ ಹುಟ್ಟಿದ "ಏಳು ಹಂತ"ದ ಶುಭಸಂದೇಶ ಹಂಚಿಕೆ ನಮ್ಮಲ್ಲೂ ಬಳಕೆಯಲ್ಲಿದೆ. ಪ್ರಭುವನ್ನು ಆಹ್ವಾನಿಸಿ, ಪಾಠ ಓದಿ, ಮನಸ್ಸಿಗೆ ತಾಗಿದ ಪದವನ್ನು ಒಬ್ಬೊಬ್ಬರಾಗಿ ಹೇಳಿ, ಮೌನವಾಗಿ ಕೂತು, ಅನಿಸಿದ್ದನ್ನು ಹಂಚಿಕೊಂಡು, ಏನು ಮಾಡಬಹುದು ಅಂತ ಮಾತಾಡಿ, ಪ್ರಾರ್ಥನೆಯಲ್ಲಿ ಮುಗಿಸುವುದು. ಇದರಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಹಂಚಿಕೊಳ್ಳುವಾಗ ಯಾರಾದರೂ ಹಿರಿಯರು ಉಪದೇಶಕ್ಕೆ ಇಳಿಯುತ್ತಾರೆ. "ನಾವೆಲ್ಲ ಹೀಗಿರಬೇಕು" ಅಂತ ಶುರುವಾದರೆ ಕೂಟ ಮುಗಿದಂತೆ. "ನನಗೆ" ಅಂತ ಶುರುಮಾಡಿ ಅಂತ ನಗುನಗುತ್ತ ತಡೆಯಿರಿ. ಇನ್ನೊಂದು, ಆರನೇ ಹಂತ. ಅಷ್ಟೊತ್ತಿಗೆ ಒಳಗಿಂದ ಮಂಡಕ್ಕಿ ಮಿರ್ಚಿಯ ವಾಸನೆ ಬಂದಿರುತ್ತದೆ, ಆ ಹಂತ ಹಾರಿಹೋಗುತ್ತದೆ.

ಹಾರಿಹೋಗದಿದ್ದರೆ ಏನಾಗುತ್ತದೆ ಅಂತ ಒಮ್ಮೆ ಕಣ್ಣಾರೆ ಕಂಡೆ. ಚಿತ್ರದುರ್ಗದ ಒಂದು ಓಣಿ, ಕರೆಂಟು ಹೋಗಿತ್ತು, ಮೊಬೈಲ್ ಬೆಳಕಲ್ಲಿ ಓದುತ್ತಿದ್ದೆವು. ಮಾರ್ಕನ ಎರಡನೇ ಅಧ್ಯಾಯ, ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮನೆಯ ಮಾಡು ತೆಗೆದು ಯೇಸುವಿನ ಮುಂದೆ ಇಳಿಸುವ ಕಥೆ. ಪದ ಆರಿಸುವಾಗ ಎಲ್ಲರೂ "ಎದ್ದೇಳು", "ಕ್ಷಮೆ" ಅಂತ ದೊಡ್ಡ ದೊಡ್ಡ ಪದ ಹೇಳಿದರು. ಹೂ ಮಾರುವ ಒಬ್ಬ ಹೆಂಗಸು "ನಾಲ್ವರು" ಅಂದಳು. ಅಷ್ಟೇ. ಮೌನ ಮುಗಿದ ಮೇಲೆ ಅವಳೇ ಕೇಳಿದಳು, "ನಮ್ ಓಣೀಲಿ ಹೊತ್ಕೊಂಡು ಹೋಗ್ಬೇಕಾದೋರು ಯಾರಿದಾರೆ?" ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವ ಅಜ್ಜ ಒಬ್ಬರಿದ್ದರು. ಮಗ ಬೆಂಗಳೂರಲ್ಲಿ, ಸೊಸೆ ಗಾರ್ಮೆಂಟ್ಸ್‌ನಲ್ಲಿ. ಅವತ್ತೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಹೆಸರು ಬರೆದರು, ಯಾವ ವಾರ ಯಾರು ಆಟೋದಲ್ಲಿ ಜೊತೆ ಹೋಗುವುದು ಅಂತ. ಅಜ್ಜ ನಮ್ಮ ಚರ್ಚಿನವರಲ್ಲ. ಯಾರಿಗೂ ಅದು ನೆನಪಾಗಲೂ ಇಲ್ಲ.

ಮಹಾಸಭೆ ಶ್ರೀಸಾಮಾನ್ಯರ ಜಾಗ ಲೋಕದ ವ್ಯವಹಾರದ ನಡುವೆಯೇ ಇದೆ ಅಂದದ್ದು ಇದನ್ನು. "ಕಾಯಕ" ಅನ್ನುವ ಮಾತು ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬಲಿಪೀಠದ ಸುತ್ತ ನಿಲ್ಲುವುದಷ್ಟೇ ಸೇವೆ ಅಂದುಕೊಂಡರೆ ನಾವು ಅರ್ಧ ಗುರುಗಳಾಗುತ್ತೇವೆ, ಪೂರ್ತಿ ಶ್ರೀಸಾಮಾನ್ಯರಾಗುವುದಿಲ್ಲ. ನೀವು ಲೆಕ್ಕ ಬರೆಯುವವರು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಅಂತ ಧರ್ಮಸಭೆಯ ಕಾನೂನಿನ 537ನೇ ವಿಧಿ ಹೇಳುತ್ತದೆ. ಜವಳಿ ಅಂಗಡಿಯ ರೋಜು ತಪ್ಪಿಲ್ಲದೆ ಬರೆಯುವ ಕೈಗೆ ಅಲ್ಲಿ ಕೆಲಸ ಇದೆ. ಒಂದಲ್ಲ ಒಂದು ದಿನ ಫಾದರ್‌ಗೆ ಇದನ್ನೂ ನೆನಪಿಸಿ.

ಪಕ್ಕದ ಮನೆ ಅಕ್ಕನಿಗೆ ಉತ್ತರ ಚಿಕ್ಕದು. "ಆರಾಧನೆ ದೇವರೊಬ್ಬರಿಗೇ ಅಕ್ಕಾ. ಮರಿಯಮ್ಮನ ಹತ್ರ ನಮಗಾಗಿ ಪ್ರಾರ್ಥಿಸು ಅಂತ ಕೇಳ್ತೀವಿ, ನಾನು ನಿಮ್ ಹತ್ರ ನಮ್ಮ ಹುಡುಗನ ಪರೀಕ್ಷೆಗೆ ಬೇಡ್ಕೊಳ್ಳಿ ಅಂತ ಕೇಳಲ್ವಾ, ಹಂಗೆ." ಬಾಯಿಪಾಠ ಬರುವ ನಿಮ್ಮ ಮರಿಯಮ್ಮನ ಜಪದಲ್ಲೇ ಈ ಮಾತಿದೆ ನೋಡಿ, ದಿನಾ ಐವತ್ತು ಸಲ ಹೇಳಿಯೂ ಗಮನಿಸಿರುವುದಿಲ್ಲ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ಅವರನ್ನೂ ಕರೆಯಿರಿ. ಹೇಳದೆಯೇ ಬಂದಿರಲೂ ಸಾಕು, ಅಲ್ಲಿ ಎಲ್ಲ ಧರ್ಮದವರೂ ಬರುತ್ತಾರೆ. ವಾದಕ್ಕೆ ಮಾತ್ರ ಇಳಿಯಬೇಡಿ.

ಯಾವ ತರಬೇತಿಯಾದರೂ ಮಕ್ಕಳ ಸುರಕ್ಷತೆಯ ಬಗ್ಗೆ ಒಂದು ಗಂಟೆ ಇಟ್ಟಿಲ್ಲವಾದರೆ ಅದು ಅರೆಬರೆ ತರಬೇತಿ. ವಾರ್ಡಿನಲ್ಲಿ ಮಕ್ಕಳಿಗೆ ಜಪ ಕಲಿಸುವಾಗ ಬಾಗಿಲು ತೆರೆದಿರಲಿ, ಇಬ್ಬರು ದೊಡ್ಡವರಿರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಾಡಿದವರು ಯಾರೇ ಆಗಿರಲಿ, ಚರ್ಚಿನ ಮರ್ಯಾದೆ ಅಂತ ಯಾರೇ ತಡೆಯಲಿ. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿ ಸೇವ್ ಆಗಿರಲಿ.

ಈಗ ಆ ಡಬ್ಬಿ. ಪಿಕ್ಸ್ ಅನ್ನುತ್ತಾರೆ, ಹಳೆಯ ಜೇಬುಗಡಿಯಾರದಷ್ಟು ದಪ್ಪ, ದುಂಡಗೆ. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಅನುಮತಿ ಬಂದ ಮೇಲೆ ಫಾದರ್ ಅದನ್ನು ನಿಮ್ಮ ಕೈಗಿಡುತ್ತಾರೆ. ಬಲಿಪೂಜೆ ಮುಗಿದ ಮೇಲೆ ಎದೆಗಾನಿಸಿಕೊಂಡು ನೇರವಾಗಿ ರೋಗಿಯ ಮನೆಗೆ ಹೋಗುವುದು. ದಾರಿಯಲ್ಲಿ ತರಕಾರಿ ಇಲ್ಲ, ಬೆಣ್ಣೆ ದೋಸೆ ಇಲ್ಲ, ಗುರುತಿನವರು ಸಿಕ್ಕರೆ ಒಂದು ನಗು ಸಾಕು. ಹಿಂದಿನ ದಿನವೇ ಮನೆಗೆ ಫೋನ್ ಮಾಡಿ, ಸ್ಟೂಲಿನ ಮೇಲೆ ಬಿಳಿ ಬಟ್ಟೆ, ಮೇಣದ ಬತ್ತಿ, ಒಂದು ಲೋಟ ನೀರು ಇಡಲು ಹೇಳಿ. ಟಿ.ವಿ. ಆರಿಸಲು ಹೇಳಲೇಬೇಕು, ಇಲ್ಲದಿದ್ದರೆ ಧಾರಾವಾಹಿ ನಡುವೆ ಪ್ರಾರ್ಥನೆ ಆಗುತ್ತದೆ. ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಂದು ಗಂಟೆ ಉಪವಾಸದ ನಿಯಮ ಇಲ್ಲ. ಮಾತ್ರೆ ನುಂಗಿದೆ, ಗಂಜಿ ಕುಡಿದೆ ಅಂತ ಅಜ್ಜಿ ಹಿಂಜರಿದರೆ ಸಮಾಧಾನ ಹೇಳಿ. ನುಂಗಲು ಕಷ್ಟವಿದ್ದರೆ ಉಗುರಿನಷ್ಟು ಚೂರು ಮುರಿದು, ಚಮಚದಲ್ಲಿ ನೀರು ಕೊಡಿ. "ಕ್ರಿಸ್ತರ ದೇಹ" ಅನ್ನುವಾಗ ಡಬ್ಬಿ ನೋಡಬೇಡಿ, ಅವರ ಮುಖ ನೋಡಿ. ಉಸಿರು ಏರುಪೇರು ಕಂಡರೆ, ಪಾಪನಿವೇದನೆ ಬೇಕು ಅಂದರೆ, ಅಲ್ಲಿಂದಲೇ ಫಾದರ್‌ಗೆ ಫೋನ್. ಬೆಳಗಾಗಲಿ ಅಂತ ಕಾಯಬೇಡಿ.

ಎಲ್ಲ ಮುಗಿದ ಮೇಲೆ ಎದ್ದು ಹೊರಡಬೇಡಿ. ಚಹಾ ಕೊಟ್ಟರೆ ಈಗ ಕುಡಿಯಿರಿ.

ಫಾದರ್ ಹತ್ತಿರ ಅವಧಿ ಕೇಳಿ. ಮೂರು ವರ್ಷ ಅಂತ ಮೊದಲೇ ಮಾತಾಡಿಕೊಳ್ಳಿ, ಮೊದಲ ದಿನದಿಂದಲೇ ಇನ್ನೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಯಾರಾದರೂ ಹುಡುಗಿಯಾದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ನಿಮ್ಮಂಥ ನಾಲ್ಕೈದು ಜನ ಸೇರಿ, ಹೋದ ಮನೆಗಳಲ್ಲಿ ನಿಮಗೇನಾಯಿತು ಅಂತ ಮಾತಾಡಿಕೊಳ್ಳಿ. ಮನೆಯವರ ಗುಟ್ಟನ್ನಲ್ಲ, ನಿಮ್ಮ ತಳಮಳವನ್ನು. ಆ ಎರಡು ದಿನದ ಶಿಬಿರಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

ಸಾವಿನ ಮನೆಗೂ ನಿಮ್ಮನ್ನೇ ಮೊದಲು ಕರೆಯುತ್ತಾರೆ. ಫಾದರ್ ಬರುವವರೆಗೆ ಜಪಸರದ ಪ್ರಾರ್ಥನೆ ನಡೆಸಬೇಕಾದವರು ನೀವು. "ದೇವರ ಚಿತ್ತ", "ಒಳ್ಳೆ ಸಾವು" ಅಂತ ನಿಮ್ಮ ಅಮ್ಮ ಹೋದಾಗ ಬಂದವರು ಅಂದಿರಬೇಕು. ಅದು ನಿಮಗೆ ಹೇಗೆ ಕೇಳಿಸಿತು ಅಂತ ನೆನಪಿದೆಯಲ್ಲ, ಅದನ್ನು ಅಲ್ಲಿ ಹೇಳಬೇಡಿ. ಮಗಳು ಮೂಲೆಯಲ್ಲಿ ಕೂತಿರುತ್ತಾಳೆ. ಹೋಗಿ ಪಕ್ಕದಲ್ಲಿ ಕೂತು, ಅವಳು ಊಟ ಮಾಡಿದ್ದಾಳಾ ಅಂತ ಕೇಳಿ.